ನಾಲ್ಕು ದಿನದ ಹಾಜರಿ

ಶಿಕ್ಷಕರ ತರಬೇತಿಗೆ ಅರ್ಜಿ ಕೊಡುವ ಸಾಲು. ನನ್ನ ಮುಂದೆ ಮೂವತ್ತು ದಾಟಿದ ಒಬ್ಬಾತ, ಅವನ ಜೊತೆಗೆ ಬಂದ ಅಕ್ಕ.

“ಗುಮಾಸ್ತನ ಕೆಲಸ ಬಿಟ್ಟು ಈಗ ಮೇಷ್ಟ್ರಾಗ್ತೀಯಾ? ಕಾರಣ ಅಂತ ಇಲ್ಲಿ ಏನು ಬರೆದಿದ್ದೀಯೋ?”

“ಮಕ್ಕಳ ಮೇಲಿನ ಪ್ರೀತಿ ಅಂತ.”

“ನನ್ನ ಮಕ್ಕಳನ್ನ ಒಂದು ದಿನ ಎತ್ಕೊಂಡೋನಲ್ಲ. ನಿಜ ಹೇಳು.”

ಅವನು ಅರ್ಜಿಯನ್ನು ಮಡಿಸಿ ಮತ್ತೆ ಬಿಡಿಸಿದ.

“ಹೋದ ತಿಂಗಳು ನಾಲ್ಕು ದಿನ ಜ್ವರ ಬಂದು ರೂಮಲ್ಲೇ ಮಲಗಿದ್ದೆ. ಐದನೇ ದಿನ ರಜೆ ಚೀಟಿ ಹಿಡ್ಕೊಂಡು ಆಫೀಸಿಗೆ ಹೋದ್ರೆ, ಹಾಜರಿ ಪುಸ್ತಕದಲ್ಲಿ ನಾಲ್ಕೂ ದಿನ ನಾನು ಬಂದಿದ್ದೀನಿ ಅಂತ ಗುರುತು ಹಾಕಿದ್ರು.”

“ಒಳ್ಳೇದೇ ಆಯ್ತಲ್ಲ, ರಜೆ ಉಳೀತು.”

“ಬೇಕಂತ ಹಾಕಿದ್ದಲ್ಲ ಅಕ್ಕ. ನಾನಿಲ್ಲ ಅನ್ನೋದು ಯಾರಿಗೂ ಗೊತ್ತೇ ಆಗಿರಲಿಲ್ಲ.”

“ನನಗಾದ್ರೂ ಒಂದು ಫೋನ್ ಮಾಡಬಾರದಿತ್ತಾ?”

“ನೀನು ಮಾಡ್ತೀಯೇನೋ ಅಂತ ನೋಡ್ತಿದ್ದೆ.”

ಅಕ್ಕ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದಳು.

“ಮೇಷ್ಟ್ರು ಬಂದಿಲ್ಲ ಅಂದ್ರೆ ಮಕ್ಕಳು ಕುಣಿದಾಡ್ತಾವೆ ಕಣೋ.”

“ಕುಣೀಲಿ ಬಿಡು. ಬಂದಿಲ್ಲ ಅಂತ ಗೊತ್ತಾಯ್ತಲ್ಲ.”

ಸಾಲು ಮುಂದೆ ಸರಿಯಿತು. ಅಕ್ಕ ಅವನ ಕೈಯಿಂದ ಅರ್ಜಿ ತೆಗೆದುಕೊಂಡು, ತಾನೇ ಕಿಟಕಿಯೊಳಗೆ ಕೊಟ್ಟಳು.