ಮರಿ ಹಾಕುವ ಕಳ್ಳಿ

ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಖಾಲಿ ಮೀನುಬುಟ್ಟಿ ಇಟ್ಟುಕೊಂಡು ಕಾಗಾಲದ ಬಸ್ಸಿಗೆ ಕಾಯುತ್ತಿದ್ದ ಕಮಲಿಗೆ ಪಕ್ಕದಲ್ಲಿ ಕೂತಿದ್ದ ಯಾರೋ ಗೆಳತಿಯರಿಬ್ಬರ ಮಾತು ಕೇಳಬೇಕೆಂದೇನೂ ಇರಲಿಲ್ಲ. ಆದರೆ ಒಬ್ಬಳ ತೊಡೆಯ ಮೇಲಿನ ಚೀಲದಲ್ಲಿ ಮುಳ್ಳಿನ ಗಿಡಗಳಿದ್ದವು. ಕಣ್ಣು ಅಲ್ಲಿಗೆ ಹೋಯಿತು, ಹಿಂದೆಯೇ ಕಿವಿಯೂ ಹೋಯಿತು.

“ದಿವ್ಯಾ, ಮಳೆಗಾಲದಲ್ಲಿ ಇವನ್ನ ಮಾಡಿನ ಕೆಳಗೇ ಇಡು. ನೀರು ಹಾಕೂದೇ ಬೇಡ, ಬೇರು ಕೊಳೀತದೆ.”

“ಮಣ್ಣು ಎಂತದು?”

“ಅರ್ಧಕ್ಕರ್ಧ ಹೊಳೆ ಮರಳು. ಈ ಚಪ್ಪಟೆ ಕಳ್ಳೀದು ಒಂದು ತುಂಡು ಮುರಿದು, ಗಾಯ ಒಣಗಿದ ಮೇಲೆ ನೆಟ್ಟರೆ ಆತು. ಈ ಉರುಟು ಕಳ್ಳಿ ಸುತ್ತಲೂ ಮರಿ ಹಾಕ್ತದೆ, ನೋಡು. ಎಲ್ಲ ಈ ವರ್ಷದ್ದೇ.”

“ಇಷ್ಟು ಚೆಂದ ಬೆಳೆಸಿ ಎಂತಕ್ಕೆ ಕೊಡ್ತೀಯೆ, ಸೌಜನ್ಯಾ?”

“ಮನೇಲಿ ಮುಳ್ಳಿನ ಗಿಡ ಇದ್ದರೆ ಬಸುರು ನಿಲ್ಲೂದಿಲ್ಲ ಅಂತಾರೆ ಅತ್ತೆ. ಮೊನ್ನೆಯದೂ ಹೋಯ್ತಲ್ಲ. ನಮ್ಮ ಇವರು ಸುಮ್ಮನೆ ಕೇಳ್ತಾ ಕೂತಿದ್ರು.”

ಚೀಲಕ್ಕೆ ಚಾಚಿದ್ದ ಕೈಯನ್ನು ದಿವ್ಯಾ ಹಿಂದೆ ತೆಗೆದು, ತನ್ನ ತುಂಬಿದ ಹೊಟ್ಟೆಯ ಮೇಲಿಟ್ಟುಕೊಂಡಳು.

“ನೀನೂ ನಂಬ್ತೀಯೆ?”

“ನಂಬೂದಿಲ್ಲ ಮಾರಾಯ್ತಿ. ಆದ್ರೂ ಈಗ ಬೇಡ. ಹೆರಿಗೆ ಆಗ್ಲಿ.”

ಹೊನ್ನಾವರದ ಬಸ್ಸು ಬಂತು. ದಿವ್ಯಾ ತಿರುಗಿ ನೋಡದೆ ಹತ್ತಿದಳು.

ಸೌಜನ್ಯಾ ಚೀಲ ಹಿಡಿದು ಕಮಲಿಯತ್ತ ತಿರುಗಿದಳು.

“ಅಕ್ಕಾ, ನೀವಾದ್ರೂ ತಕಂಡು ಹೋಗ್ತ್ರಾ? ಬಿಸಾಡೂಕೆ ಮನಸ್ಸು ಬರೂದಿಲ್ಲ.”

ಇಂಥದ್ದನ್ನೆಲ್ಲ ಕಮಲಿ ಎಂದೂ ನಂಬಿದವಳಲ್ಲ. ಆದರೆ ಮನೆಗೆ ಸೊಸೆ ಬಂದು ಇನ್ನೂ ವರ್ಷವಾಗಿರಲಿಲ್ಲ.

“ನನ್ನ ಬಸ್ಸು ಬಂತು, ತಂಗಿ,” ಎಂದು ಬುಟ್ಟಿ ಎತ್ತಿಕೊಂಡು ನಡೆದಳು. ಕಾಗಾಲದ ಬಸ್ಸು ಇನ್ನೂ ಬಂದಿರಲಿಲ್ಲ.