ಎಲ್ಲಾರಕಿಂತ ಮೊದಲ

...ಅಲ್ರಿ ಕಾಶಿನಾಥಣ್ಣ, ರೇಟ್ ಕೇಳಿ ಹಂಗ್ಯಾಕ ಮಾರಿ ಕಿವುಚ್ತೀರಿ? ಕುಂಡ್ರಿ, ಮೊದಲ ಕುಂಡ್ರಿ. ಅಲ್ಲಿ ಬ್ಯಾಡ, ಇಂಕಿನ ಡಬ್ಬಿ ಅದ, ಬಿಳಿ ಅಂಗಿ ಹಾಕ್ಕೊಂಡೀರಿ. ಹಾಂ, ಈ ಕಡಿ.

ಈಗ ಕೇಳ್ರಿ. ಫ್ಲೆಕ್ಸ್ ಯಾವ ಮಗನೂ ಹೊಡೀತಾನ. ಜಹೀರಾಬಾದ್ ಬಸ್ ಸ್ಟ್ಯಾಂಡಿಂದ ಇಲ್ಲೀತನ ನಡಕೋತ ಬಂದ್ರಿ, ದಾರಿಯಾಗ ಫ್ಲೆಕ್ಸಿನ ಅಂಗಡಿ ಕಾಣಲಿಲ್ಲೇನು? ಅವನ್ನೆಲ್ಲಾ ಬಿಟ್ಟು, ತಾಂಡೂರಿಂದ ಈ ನರಸಿಂಹುಲುನ ಹುಡುಕ್ಕೋತ ಯಾಕ ಬಂದ್ರಿ? ಫೇಸ್‌ಬುಕ್ಕಿನ್ಯಾಗ ನೋಡಿ! ಹೌದಿಲ್ಲೋ? ನೋಡ್ರಿ, ಗೋಣು ಹಾಕಿದ್ರಿ!

ಅದ ನನ್ನ ಧಂಧೆ. ಫ್ಲೆಕ್ಸ್ ಏನ್ರಿ, ಕಂಬಕ್ಕ ನಾಕ್ ದಿನ ಜೋತಾಡ್ತದ, ಆಮ್ಯಾಲ ಯಾರರ ಬಿಚ್ಚಿಕೊಂಡು ಹೋಗಿ ಎಮ್ಮಿ ಕೊಟ್ಟಿಗಿ ಮ್ಯಾಲ ಹೊಚ್ತಾರ. ನಾ ಅದನ್ನ ಮೊದಲ ಫೇಸ್‌ಬುಕ್ಕಿಗಿ ಏರಸ್ತೀನಿ. ಕೆಳಗ ನನ್ನ ಅಂಗಡಿ ಹೆಸರು, ನನ್ನ ನಂಬರ್. ಉಸ್ಮಾನಿಯಾ ಯೂನಿವರ್ಸಿಟಿ ಹುಡುಗ್ರು ನೋಡ್ತಾರ, ದುಬೈಕ ಹೋದಾವ್ರು ನೋಡ್ತಾರ, ಹೈದರಾಬಾದಿನ ಲೀಡರ್‌ಗಳು ನೋಡ್ತಾರ. ಇಲ್ಲಿನ ಸರಪಂಚ ಒಂದ್ ಫ್ಲೆಕ್ಸಿಗಿ ಹತ್ ಸಲ ರೇಟ್ ಮುರೀತಾನ್ರೀ. ಹೈದರಾಬಾದಿನ ಗಿರಾಕಿ ರೇಟ್ ಕೇಳಂಗೇ ಇಲ್ಲ! ಝರಾಸಂಗಂ ಮಗ್ಗಲ ಹಳ್ಳಿಯಾಗ ಮಂದಿ ಹೊಲದಾಗ ಶುಂಠಿ ಕೀಳೋ ಮನಿಯಾಗ ಹುಟ್ಟಿದಾಂವ ನಾ. ಹತ್ನೇತ್ತ ನಪಾಸ್. ಈಗ ಎಂಜಿನಿಯರಿಂಗ್ ಓದಿದ ಹುಡುಗ್ರು ಬಂದು 'ಅಣ್ಣಾ, ಕಲಿಸು' ಅಂತಾರ. ಕಲಸ್ತೀನಾ? ಥೂ!

ಯಾಕ ನಗ್ತೀರಿ? ನಗಬ್ಯಾಡ್ರಿ. ಎಲೆಕ್ಷನ್ನಿಗಿ ನಿಲ್ಲೋ ಆಸಿ ಅದ ಅಂತ ಫೋನಿನ್ಯಾಗ ನೀವ ಅಂದಿರಿ. ಫರಸಿ ಕಲ್ಲಿನ ಸಾವ್ಕಾರ್ರು ನೀವು, ರೊಕ್ಕ ಅದ. ಖರೆ, ತಾಂಡೂರು ದಾಟಿದ್ರ ನಿಮ್ಮ ಮಾರಿ ಯಾರಿಗಿ ಗೊತ್ತು? ಸಿಟ್ಟಾಗಬ್ಯಾಡ್ರಿ, ಇದ್ದದ್ದು ಹೇಳಿದೆ. ಒಂದ್ ವರ್ಷದ ಕೆಲಸ ಪೂರಾ ನನಗ ಬಿಡ್ರಿ. ಬಂದ್‌ಗಿ ಒಂದು, ರಾಸ್ತಾರೋಕೋಕ್ಕ ಒಂದು, ಸತ್ತಾವ್ರಿಗಿ ಒಂದು... ಹೌದ್ರಿ, ಅದ ಜಾಸ್ತಿ ಓಡೋದು. ಅಮರವೀರನ ಫ್ಲೆಕ್ಸ್. ಕೆಳಗ ಸಾಲಾಗಿ ಲೀಡರ್‌ಗಳ ಸಣ್ಣ ಸಣ್ಣ ಮಾರಿ ಇರ್ತಾವಲ್ಲ, ಆ ಜಾಗಕ್ಕ ಬಡದಾಡ್ತಾರ್ರಿ ಮಂದಿ!

ಯಾವ್ದು? ಓ... ದೇವಿದಾಸಂದು. ಅದನ್ನ ನೋಡಿ ಬಂದ್ರೇನು? ಮೊದಲ ಹೇಳಬಾರದೇನು!

ದೇವಿದಾಸ ನನ್ನ ದೋಸ್ತ, ಒಂದ ಊರು, ಒಂದ ಓಣಿ. ಹ್ವಾದ ತಿಂಗಳ ತೆಲಂಗಾಣ ಬೇಕಂತ ನಸುಕಿನ್ಯಾಗ ಬೈಕ್ ರ್ಯಾಲಿ ಹೊಂಟಿತ್ತು ಸಂಗಾರೆಡ್ಡಿಗಿ. ಸದಾಶಿವಪೇಟಿ ಹತ್ರ ಲಾರಿ ಬಡೀತು. ಸಂಗಾರೆಡ್ಡಿ ದವಾಖಾನಿಗಿ ಹಾಕಿದ್ರು. ಭಾಳ ರಕ್ತ ಹೋಗಿತ್ತು, ಏನ್ ಮಾಡೋದು... ಆ ಫೋಟೋ ನೋಡಿದ್ರಲ್ಲ? ಹೆಗಲ ಮ್ಯಾಲ ಪಾರ್ಟಿಯ ಗುಲಾಬಿ ಝಂಡಾ, ಹಲ್ಲು ಕಿಸದು ನಿಂತಾನ. ನಾನ ತಗದಿದ್ದು. ಅದಕ್ಕ ಹಾರ ಹಾಕಿ, ಎಲ್ಲಾರಕಿಂತ ಮೊದಲ ಏರಿಸಿದಾಂವ ನಾ! ಸದಾಶಿವಪೇಟಿಯಾಗ ಒಬ್ಬ ಇದ್ದಾನ, ನನ್ನಂಗ ಅಂಗಡಿ ಹಾಕ್ಯಾನ. ಪ್ರತಿ ಸಲ ಅವಂದ ಮೊದಲ ಬೀಳ್ತಿತ್ತು. ಈ ಸಲ ಅಂವ ಕಣ್ಣ ಉಜ್ಜಿಕೊಂಡು ಏಳೋದ್ರಾಗ ನಂದು ಊರೂರು ತಿರುಗ್ಯಾಡಿ ಬಂತು!

ಹ್ಯಾಂಗಂದ್ರ? ತಯಾರಿ, ಅಣ್ಣ, ತಯಾರಿ! ಹಾರ, ದೀಪ, ತೆಲಂಗಾಣದ ನಕಾಶಿ, ಮ್ಯಾಲ 'ಅಮರ ರಹೇ', ಎಲ್ಲಾ ಕೂಡಿಸಿ ಇಟ್ಟಿರ್ತೀನಿ. ಯಾರರ ದವಾಖಾನ್ಯಾಗ ಬಿದ್ರು ಅಂದ್ರ ಮಾರಿ ಕೂಡಿಸಿ ಬಿಡೋದು. ಬಾಕಿ ಒಂದ ಬಟನ್. ಮುಂಜಾನಿ ಚಾ ಆರೋದ್ರಾಗ ಒತ್ತಿದೆ. ಚಾ ಮುಗಿಯೋದ್ರಾಗ ಹೈದರಾಬಾದಿಂದ ಫೋನು. ದೊಡ್ಡ ಲೀಡರ್ ಒಬ್ಬಾಂವನ ಪಿ.ಎ. 'ಕೆಳಗ ನಮ್ಮ ಸಾಹೇಬ್ರನ್ನ ಕೂಡಸ್ತಿಯೇನು?' ಅಂತ. ಅವತ್ತಿಂದ ಅವರ ಕೆಲಸ ಪೂರಾ ನಂದ!

ಅಳಲಿಲ್ಲಂದ್ರ ಹ್ಯಾಂಗ್ರಿ? ಅತ್ತೆ. ದೋಸ್ತ ಅಲ್ಲೇನು. ದವಾಖಾನಿಗಿ ಓಡಿ ಹ್ವಾದೆ. ಹೊತ್ತು ಮುಳಗಾಕ ಬಂದಿತ್ತು. ಕೈ ಹಿಡದೆ, ಇನ್ನಾ ಬೆಚ್ಚಗಿತ್ರಿ... ಡಾಕ್ಟರ್ 'ಈಗ ಹ್ವಾದ, ಈಗಷ್ಟ' ಅಂದ್ರು. ಅವನ ತಂಗಿ ಸ್ವರೂಪಾ ಗ್ವಾಡಿಗಿ ಆನಿಕೊಂಡು...

ಏನ್ರಿ? ಹಂಗ್ಯಾಕ ನೋಡ್ತೀರಿ?

ಮುಂಜಾನಿ ಅಂದ್ನಾ? ಮುಂಜಾನಿ ಅಂದ್ರ... ಸುದ್ದಿ ಬಂದಿತ್ರಿ. ರ್ಯಾಲಿಯಾಗ ಇದ್ದಾವ್ರು ಫೋನ್ ಮಾಡಿದ್ರು, ಉಳಿಯೋದು ಸುಳ್ಳು, ತಾಸರ್ಧ ತಾಸಿನ ಮಾತು ಅಂತ. ಈ ಧಂಧೆದಾಗ ಅರ್ಧ ತಾಸು ಅಂದ್ರ ಏನಂತ ತಿಳಿದೀರಿ? ಅಷ್ಟರಾಗ ಅಂವ ಹಾಕ್ತಿದ್ದ, ಸದಾಶಿವಪೇಟಿಯಾಂವ! ಎಲ್ಲಾರೂ ಹಿಂಗ ಮಾಡ್ತಾರ್ರಿ... ಹೊತ್ತು ಹಿಂದ ಮುಂದ ಆಗ್ತದ...

ಏನಂದ್ರಿ? ಜೀಪು? ಯಾವ ಜೀಪು?

...ನೀವಿದ್ರಿ?

ರಕ್ತ ಕೊಡಾಕ ತಾಂಡೂರಿಂದ ಹೊಂಟಿತ್ತಲ್ಲ ಆ ಜೀಪು... ಅದರಾಗ ನೀವಿದ್ರಿ? ಮತ್ತ ಎಲೆಕ್ಷನ್ನು... ನನಗ ಸುಳ್ಳ ಹೇಳಿ ಬಂದ್ರೇನು? ದೇವಿದಾಸಂದು ಸಿಗಲಾರದ ರಕ್ತ, ಓ ನೆಗೆಟಿವ್, ಅಂತಾದ್ದು ತಾಂಡೂರಿನ್ಯಾಗ ಇಬ್ಬರದು ಅದ ಅಂತ ಯಾರೋ ಹುಡುಕಿ ಕಳಿಸಿದ್ರಂತ. ಆ ಇಬ್ಬರಾಗ ಒಬ್ರು... ನೀವು. ಹೊಳ್ಳಿ ಯಾಕ ಹ್ವಾದ್ರಿ ಮತ್ತ? ಅರ್ಧ ದಾರಿ ಬಂದಾವ್ರು! ವಿಕಾರಾಬಾದಿನ ಪೆಟ್ರೋಲ್ ಬಂಕಿನ್ಯಾಗ ಫೋನ್ ತಗದು ನೋಡಿದ್ರಿ, ಹಾರ ಕಂಡ್ತು, ಹೊಳ್ಳಿದ್ರಿ. ಅಷ್ಟ? ಓದಿದಾವ್ರು ನೀವು! ಫೇಸ್‌ಬುಕ್ಕಿನ್ಯಾಗ ಬಂದಿದ್ದೆಲ್ಲಾ ಖರೆ ಏನ್ರಿ? ಯಾರಿಗರ ಒಂದ್ ಫೋನ್ ಮಾಡಿ ಕೇಳಬೇಕಿಲ್ಲೋ?

ಮಾಡಿದ್ರಿ?

ಯಾರಿಗಿ?

...ಆ ಫ್ಲೆಕ್ಸಿನ ಕೆಳಗಿನ ನಂಬರ್‌ಗಿ.

ಅದು ನೀವೇನು... 'ಖರೆ ಏನಪಾ, ಹುಡುಗ ಹ್ವಾದನಾ' ಅಂತ ಕೇಳಿದಾವ್ರು. ಧ್ವನಿ ಎಲ್ಲೋ ಕೇಳಿದಂಗ ಅದ ಅಂತ ನೀವು ಬಂದಾಗಿಂದ... ಅಣ್ಣ, ಕೇಳ್ರಿ. ಕೇಳ್ರಿ ಇಲ್ಲಿ. ನೀವು 'ರಕ್ತ ಕೊಡಾಕ ಹೊಂಟೀವಿ' ಅನಲಿಲ್ಲ. ಅಂದಿದ್ರ... ದೇವರಾಣಿ... ಸದಾಶಿವಪೇಟಿಯಾಂವ ನನ್ನ ಸುಳ್ಳ ಹಿಡಿಯಾಕ ಯಾರ ಕಡಿಂದರ ಫೋನ್ ಮಾಡಿಸ್ಯಾನ ಅಂತ ತಿಳಿದೆ. ಅದಕ್ಕ ಗಟ್ಟಿಸಿ ಹೇಳಿದೆ. 'ಖರೆ, ಹ್ವಾದ' ಅಂದೆ. ನಾ ಏನ್ ಬೇಕಂತ...

ಬೈರಿ. ಎರಡ್ ಏಟ ಹೊಡೀರಿ ಬೇಕಂದ್ರ.

ನಂಗೂ ಗೊತ್ತಿರಲಿಲ್ರಿ! ಅಂವ ಹ್ವಾದ ಅಂತನ ನಾನೂ ತಿಳಿದಿದ್ದೆ. ಹೌದು, ಹ್ವಾದ ಅಂತನ... ನಿಮ್ಮ ಫೋನ್ ಬಂದಾಗ ನನಗ ಹ್ಯಾಂಗ ಗೊತ್ತಾಗಬೇಕು, ಜೀವ ಅದನೋ ಇಲ್ಲೋ... ಯಾರ್ ಹೇಳಿದ್ರು ನನಗ? ಹೇಳ್ರಿ, ಯಾರ್ ಹೇಳಿದ್ರು?

ಫೋನ್ ಯಾಕ ತಗದ್ರಿ? ಯಾರ ಹೆಸರು ತೋರಸ್ತೀರಿ?

...ಸ್ವರೂಪಾನ ಭೆಟ್ಟಿಯಾಗಿ ಬಂದೀರೇನು?

ಹಂಗಾದ್ರ ಹೇಳ್ಯಾಳ ಆಕಿ. ನಿಮಗಿಂತ ಮೊದಲ ಆಕಿ ಫೋನ್ ಬಂದಿತ್ತು ಅಂತ. ಆಗ ಪಿ.ಎ. ಲೈನಿನ್ಯಾಗ ಇದ್ದ, ಹಾಕಿದ್ದನ್ನ ಈಗ ತಗದ್ರ ಮಾನ ಹೋಗ್ತದ, ಗಿರಾಕಿ ಹೋಗ್ತದ ಅಂತ... 'ನೆಟ್‌ವರ್ಕ್ ಇಲ್ಲ ತಂಗಿ, ಆಮ್ಯಾಲ ನೋಡ್ತೀನಿ' ಅಂದೆ. ಆಕಿ ಅಳಲಿಲ್ರಿ. ಒದರಲಿಲ್ಲ. ಸಣ್ಣ ಧ್ವನಿಲೆ ಅಂದ್ಳು, 'ಅಣ್ಣಾ, ಅಂವ ನೀರು ಕೇಳಾಕತ್ಯಾನ. ಆ ಹಾರ ತಗಿ.'