ರಾಜಿ ಮಾಡಿಸುವವರ ಮರ್ಯಾದೆ

ಮಾತುಬಿಟ್ಟ ಅಣ್ಣನನ್ನು ಒಂದು ಕೋಣೆಯಲ್ಲಿ, ತಮ್ಮನನ್ನು ಇನ್ನೊಂದರಲ್ಲಿ ಕೂರಿಸಿ, ಮಧ್ಯಸ್ಥಿಕೆ ಕೇಂದ್ರದ ಮೇಡಂ ಬೆಳಗಿನಿಂದ ಅತ್ತಿಂದಿತ್ತ ಓಡಾಡುತ್ತಿದ್ದರು. ತನ್ನ ವ್ಯಾಜ್ಯದ ಸರದಿಗೆ ಹೊರಗೆ ಕಾದು ಕಾದು ಬೇಸತ್ತ ಹೊಲಿಗೆಯಮ್ಮ ನೀರು ಕುಡಿಯಲು ನಲ್ಲಿಯ ಹತ್ತಿರ ಬಂದರೆ, ಅಲ್ಲಿ ಅಣ್ಣ ತಮ್ಮ ಎದುರುಬದುರು!

"ಅಂಗಡಿ ನೀನೇ ಇಟ್ಕೊಳೋ. ಮೇಲಿನ ಮನೆ ನನಗಿರ್ಲಿ."

"ಅಷ್ಟೇನಾ ಅಣ್ಣ? ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ."

"ಹಾಗಾದ್ರೆ ಮುಗೀತಲ್ಲ. ನಡಿ, ಮೇಡಂಗೆ ಹೇಳೋಣ."

"ಪಾಪ, ಅಷ್ಟು ಕಾಲು ಸವೆಸಿದಾರೆ. ನಲ್ಲಿ ಹತ್ರ ಮುಗೀತು ಅಂದ್ರೆ ಅವರು ಮುಖ ಎಲ್ಲಿಟ್ಕೋಬೇಕು?"

"ಮತ್ತೇನ್ ಮಾಡೋದು?"

"ಇನ್ನರ್ಧ ಗಂಟೆ ಜಗಳಾಡೋಣ. ಆಮೇಲೆ ಅವರೇ ಒಪ್ಪಿಸಿದ ಹಾಗಾಗ್ಲಿ."

"ಸರಿ. ಮೊದ್ಲು ಆ ನಗು ನಿಲ್ಸು, ಮುಖ ಗಂಟು ಹಾಕ್ಕೋ."

ಎರಡೂ ಬಾಗಿಲು ದಢಾರನೆ ಮುಚ್ಚಿಕೊಂಡವು. ಹೊಲಿಗೆಯಮ್ಮನ ಸರದಿ ಇನ್ನರ್ಧ ಗಂಟೆ ಮುಂದೆ ಹೋಯಿತು.